ಡೆನ್ಮಾರ್ಕ್ ಮಾಸ್ತರರು

ಪರದೇಶಕ್ಕೆ ಹೋಗಿ ಅಲ್ಲಿಯೇ ನೆಲೆ ನಿಂತವರಿಂದ ಊರಿಗೆ ಉಪದ್ರವವಿಲ್ಲ. ಹೊಸ್ತಿಲು ದಾಟದೆ ಉಳಿದವರಿಂದಲೂ ಇಲ್ಲ. ಉಪದ್ರವವೆಂಬುದೇನಾದರೂ ಇದ್ದರೆ ಅದು ತೊಂಬತ್ತು ದಿನಗಳ ವೀಸಾದ ಮೇಲೆ ಮಗನ ಮನೆಗೆ ಹೋಗಿ, ಮೊಮ್ಮಗುವನ್ನು ಆಡಿಸಿ, ಅವಧಿ ಮುಗಿಯುತ್ತಲೂ ಮರಳಿ ಬಂದವರಿಂದ. ಇಂತಹವರು ಈಗ ಓಣಿಗೊಬ್ಬರಂತೆ ದೊರೆಯುತ್ತಾರೆ. ಅಮೆರಿಕೆಗೆ ಹೋಗಿಬಂದವರು ನಳದ ನೀರನ್ನು ಹಳಿಯುತ್ತಾರೆ. ಜರ್ಮನಿಗೆ ಹೋಗಿಬಂದವರು ಸೊಲ್ಲಾಪುರದ ಎಸ್‌ಟಿ ಬಸ್ಸು ಬರುವ ಹೊತ್ತನ್ನು ಗಡಿಯಾರ ಹಿಡಿದು ನೋಡುತ್ತಾರೆ. ಅಕ್ಕಲಕೋಟದಲ್ಲಿ, ವಟವೃಕ್ಷದ ಗುಡಿಗೆ ಅನತಿದೂರದಲ್ಲಿರುವ ನಮ್ಮ ಓಣಿಯ ಪಾಲಿಗೆ ಬಂದವರು ಮಾತ್ರ ಯಾರನ್ನೂ ಹಳಿಯುವವರಲ್ಲ. ಅವರು ಅಡುಗೆ ಮಾಡುವವರು.

ಮೂವತ್ತು ವರುಷಕ್ಕೂ ಮಿಕ್ಕು ಕನ್ನಡ ಶಾಲೆಯಲ್ಲಿ ಭೂಗೋಳವನ್ನು ಕಲಿಸಿ ನಿವೃತ್ತರಾದ ಈ ಮಾಸ್ತರರು, ಆ ಮೂವತ್ತು ವರುಷಗಳಲ್ಲಿ ಡೆನ್ಮಾರ್ಕ್ ದೇಶವನ್ನು ನಕಾಶೆಯಲ್ಲಿ ಬೆತ್ತದ ತುದಿಯಿಂದ ಮುಟ್ಟಿ ತೋರಿಸಿದ್ದರೇ ಹೊರತು, ತಮ್ಮ ಮನೆಯ ಅಡುಗೆಮನೆಯನ್ನು ಅಷ್ಟರಮಟ್ಟಿಗೂ ಮುಟ್ಟಿದವರಲ್ಲ. ಚಹಾ ಕುದಿಯುತ್ತಿದೆಯೋ ಆರುತ್ತಿದೆಯೋ ಎಂಬುದನ್ನು ವಾಸನೆಯಿಂದ ಅರಿಯುವ ಶಕ್ತಿಯೂ ಅವರಿಗಿರಲಿಲ್ಲವೆಂದು ಅವರ ಮಡದಿ, ನಾವೆಲ್ಲ ವೈನಿಯೆಂದು ಕರೆಯುವ ಸಾಧ್ವಿ, ಹಲವು ಸಲ ನನ್ನೆದುರಿಗೇ ಹೇಳಿದ್ದುಂಟು. ಅಂತಹವರು ಕೋಪನ್‌ಹೇಗನ್ನಿನಿಂದ ಮರಳಿದಾಗ ಅವರ ಪೆಟ್ಟಿಗೆಯಲ್ಲಿದ್ದುದು ಒಂದು ಅಂಗೈಯಗಲದ ತಕ್ಕಡಿ, ಬಳೆಯಂತೆ ಜೋಲುವ ಅಳತೆಯ ಚಮಚಗಳ ಗೊಂಚಲು, ಮತ್ತು ‘ಪಾಕ’ ಎಂದು ತಲೆಬರಹವಿದ್ದ ಇನ್ನೂರು ಪುಟದ ವಹಿ.

ಆ ವಹಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗಡೆಗೆ ಖಾದ್ಯದ ಹೆಸರು, ಬಲಗಡೆಗೆ ಸಾಮಗ್ರಿ, ಅಂಚಿನಲ್ಲಿ ಕೆಂಪು ಶಾಯಿಯ ಷರಾ. 2014ರಲ್ಲಿ ಡೆನ್ಮಾರ್ಕಿನ ಜನರು ಮತ ಕೊಟ್ಟು ತಮ್ಮ ರಾಷ್ಟ್ರಭಕ್ಷ್ಯವೆಂದು ಆರಿಸಿದ್ದು ಹುರಿದ ಹಂದಿಯ ಮಾಂಸವನ್ನಾದುದರಿಂದ ಮೊದಲ ಪುಟದಲ್ಲಿಯೇ ‘ವರ್ಜ್ಯ’ವೆಂದು ಷರಾ ಬಿದ್ದಿತ್ತು. ಎರಡನೆಯ ಪುಟದ ಗಂಜಿಗೆ ಒಣ ರೊಟ್ಟಿಯೊಡನೆ ಬಿಯರು ಬೀಳುವುದರಿಂದ ಅದೂ ವರ್ಜ್ಯ. ಲಿಂಗವಂತರ ಮನೆ, ಮೀನಿನ ಪುಟಗಳನ್ನು ಮಾಸ್ತರರು ತೆರೆಯುವುದಕ್ಕೂ ಹಿಂಜರಿದು ಅಂಟಿಸಿಯೇ ಬಿಟ್ಟಿದ್ದರು. ಹೀಗೆ ಇನ್ನೂರು ಪುಟಗಳಲ್ಲಿ ಅಡುಗೆಗೆ ಅರ್ಹವಾಗಿ ಉಳಿದವು ಹತ್ತೋ ಹನ್ನೆರಡೋ. ಆದರೆ ಆ ಹನ್ನೆರಡರಿಂದಲೇ ನಮ್ಮ ಓಣಿಯು ಅನುಭವಿಸಿದುದು ಅಲ್ಪವೇನಲ್ಲ.

ಮೊದಲು ರೊಟ್ಟಿಯ ವೃತ್ತಾಂತ. ಆ ದೇಶದವರ ಜೀವಾಳವು ರೈ ಎಂಬ ಧಾನ್ಯದಿಂದ ಮಾಡಿದ, ಕರ್ರಗಿನ, ಹುಳಿಯಾದ, ಇಟ್ಟಿಗೆಯಂತೆ ತೂಕವುಳ್ಳ ಬ್ರೆಡ್ಡು. ರೈ ನಮ್ಮ ಸೀಮೆಯಲ್ಲಿ ಬೆಳೆಯದು; ಆದುದರಿಂದ ಮಾಸ್ತರರು ಮಂಗಳವೇಢೆಯ ಮಾಲದಂಡಿ ಜೋಳದ ಹಿಟ್ಟಿಗೆ ಗೋಧಿಯನ್ನು ಬೆರಸಿ, ವೈನಿಯವರ ಉಪ್ಪಿನಕಾಯಿಯ ಭರಣಿಯಲ್ಲಿ ನೀರು ಹಾಕಿ ಕಲಸಿ, ಹುಳಿ ಬರಲೆಂದು ಇಟ್ಟರು. ವಹಿಯಲ್ಲಿ ‘ಕೋಣೆಯ ಉಷ್ಣತೆಯಲ್ಲಿ ಐದು ದಿನ ಇಡತಕ್ಕದ್ದು’ ಎಂದಿತ್ತು. ಕೋಣೆಯ ಉಷ್ಣತೆಯೆಂಬುದು ಕೋಣೆ ಯಾವ ಊರಿನಲ್ಲಿದೆಯೆಂಬುದನ್ನು ಅವಲಂಬಿಸಿದೆಯೆಂಬ ಸಂಗತಿಯು ಭೂಗೋಳದ ಮಾಸ್ತರರಿಗೇ ಹೊಳೆಯದೆ ಹೋದುದು ವಿಧಿಯ ವಿಲಾಸ. ಅದು ವೈಶಾಖ, ಮಧ್ಯಾಹ್ನದ ಹೊತ್ತು ಅಟ್ಟದ ಮೇಲಿನ ತಾಮ್ರದ ಕೊಡವನ್ನು ಮುಟ್ಟಿದರೆ ಕೈ ಸುಡುವ ಕಾಲ. ಡೆನ್ಮಾರ್ಕಿನ ಕೋಣೆಯಲ್ಲಿ ಐದು ದಿನಕ್ಕೆ ಆಗತಕ್ಕ ಕಾರ್ಯವು ಅಕ್ಕಲಕೋಟದ ಕೋಣೆಯಲ್ಲಿ ಮೊದಲನೆಯ ರಾತ್ರಿಯೇ ಸಂಪನ್ನವಾಯಿತು. ನಡುರಾತ್ರಿಯಲ್ಲಿ ಭರಣಿಯ ಮುಚ್ಚಳವು ಟಪ್ಪೆಂದು ಹಾರಿ, ಹಿಟ್ಟು ಉಕ್ಕಿ, ಹಲಗೆಯಿಂದ ಹಲಗೆಗೆ ಇಳಿದು, ಒಣಗಲಿಟ್ಟ ಶಂಡಿಗೆಯ ಮೊರದವರೆಗೂ ನಡೆದುಹೋಗಿತ್ತು. ಬೆಕ್ಕೆಂದು ಬೆಳಕು ಹಿಡಿದು ಎದ್ದುಬಂದ ವೈನಿಯವರು ಕ್ಷಣಕಾಲ ನೋಡಿ, ಬೆರಳಿನಿಂದ ತೆಗೆದು ಮೂಸಿ, ‘ಹುಳಿ ಛಲೋ ಬಂದದ. ನಾಳಿಗಿ ದ್ವಾಸಿ ಹೊಯ್ತೀನಿ, ನೀವು ಮಲಗ್ರಿ’ ಎಂದರಂತೆ. ಮರುದಿನದ ಆ ದೋಸೆಗಳನ್ನು ನಾನೂ ತಿಂದೆನು. ಅವು ಉತ್ತಮವಾಗಿದ್ದವೆಂದು ಹೇಳಿದ್ದಕ್ಕೆ ಮಾಸ್ತರರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಬ್ರೆಡ್ಡು ಕೈಗೂಡದಿದ್ದರೂ ಅದರ ಮೇಲಿನ ಅಲಂಕಾರವನ್ನು ಅವರು ಬಿಡಲೊಪ್ಪಲಿಲ್ಲ. ಬ್ರೆಡ್ಡಿನ ಒಂದೇ ತುಂಡಿಗೆ ಬೆಣ್ಣೆಯನ್ನು ದಪ್ಪಗೆ ಬಳಿದು, ಮೇಲೆ ಬೇಯಿಸಿದ ಬಟಾಟೆಯ ಬಿಲ್ಲೆಗಳನ್ನು ಜೋಡಿಸಿ, ಉಳ್ಳಾಗಡ್ಡಿಯನ್ನು ಉದುರಿಸಿ, ಮೇಲುಗಡೆ ಮತ್ತೊಂದು ತುಂಡನ್ನು ಮುಚ್ಚದೆ ತೆರೆದಂತೆಯೇ ಬಡಿಸುವುದು ಆ ನಾಡಿನ ಸಂಪ್ರದಾಯ. ಅದಕ್ಕೆ ಬೆಣ್ಣೆಬ್ರೆಡ್ಡೆಂಬ ಅರ್ಥದ ಸ್ಮೋರ್‌ಬ್ರೋಡ್ ಎಂಬ ಹೆಸರು. ಮಾಸ್ತರರು ಬ್ರೆಡ್ಡಿನ ಸ್ಥಾನದಲ್ಲಿ ನಮ್ಮ ಸೊಲ್ಲಾಪುರದ ಖಡಕ ರೊಟ್ಟಿಯನ್ನು ಪ್ರತಿಷ್ಠಾಪಿಸಿದರು. ಇಲ್ಲಿಯವರೆಗೆ ಯಾರ ಆಕ್ಷೇಪವೂ ಇರಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ, ಬಟಾಟೆ, ಉಳ್ಳಾಗಡ್ಡಿಗಳನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅದನ್ನು ಕೈಯಿಂದ ತಿನ್ನುವುದು ಅಲ್ಲಿ ಅನಾಗರಿಕವೆನಿಸುವುದರಿಂದ ಚಾಕು ಮತ್ತು ಕಾಟಾಚಮಚಗಳಿಂದಲೇ ತಿನ್ನತಕ್ಕದ್ದೆಂದು ಅವರು ಅಪ್ಪಣೆ ಮಾಡಿದರು. ಖಡಕ ರೊಟ್ಟಿಯನ್ನು ಚಾಕುವಿನಿಂದ ಕೊಯ್ಯಲು ಯತ್ನಿಸಿದವರು ಲೋಕದಲ್ಲಿ ಎಷ್ಟು ಜನರಿರುವರೋ ತಿಳಿಯದು, ಅವರಲ್ಲಿ ನಾನೊಬ್ಬನು. ಕಾಟಾಚಮಚವನ್ನು ಊರಿದೆನು, ರೊಟ್ಟಿ ಬಗ್ಗಲಿಲ್ಲ. ಚಾಕುವಿನಿಂದ ಒತ್ತಿದೆನು; ಫಟ್ಟೆಂದು ಸಿಡಿದು ಒಂದು ಪಾಲು ನನ್ನ ಧೋತರದ ಮೇಲೂ, ಇನ್ನೊಂದು ಪಾಲು ಗೋಡೆಯ ಮೇಲಿನ ಸಮರ್ಥರ ಪಟದ ಕಡೆಗೂ, ಬಟಾಟೆಯ ಬಿಲ್ಲೆಯೊಂದು ಮಾತ್ರ ಬೆಣ್ಣೆಯ ಬಲದಿಂದ ಮಾಸ್ತರರ ಕನ್ನಡಕದ ಎಡಗಾಜಿಗೂ ಹೋಯಿತು. ಅವರು ಅದನ್ನು ಒರೆಸಿಕೊಳ್ಳುತ್ತ, ‘ಮೊದಲ ಸಲಾ ಎಲ್ಲಾರಿಗೂ ಹಿಂಗ ಆಗ್ತದ’ ಎಂದು ಗಂಭೀರವಾಗಿ ಸಮಾಧಾನ ಹೇಳಿದರು.

ಪಡ್ಡಿನ ಪ್ರಕರಣವು ಇದಕ್ಕಿಂತಲೂ ಸೂಕ್ಷ್ಮವಾದುದು. ಕ್ರಿಸ್‌ಮಸ್ಸಿನ ಮುಂಚಿನ ವಾರಗಳಲ್ಲಿ ಡೆನ್ಮಾರ್ಕಿನ ಮನೆಮನೆಯಲ್ಲಿಯೂ, ಕುಳಿಗಳುಳ್ಳ ಎರಕದ ಹಂಚಿನಲ್ಲಿ ಎಬ್ಲೆಸ್ಕಿವರ್ ಎಂಬ ಉರುಟಾದ ತಿಂಡಿಯನ್ನು ಬೇಯಿಸಿ ಸಕ್ಕರೆಪುಡಿ, ಜಾಮುಗಳೊಡನೆ ತಿನ್ನುತ್ತಾರೆ. ಆ ಹೆಸರಿಗೆ ಸೇಬಿನ ಹೋಳುಗಳೆಂದು ಅರ್ಥ. ಈಗಿನ ಕಾಲದಲ್ಲಿ ಅದರೊಳಗೆ ಸೇಬು ಸಾಮಾನ್ಯವಾಗಿ ಇರುವುದಿಲ್ಲ. ಮಾಸ್ತರರು ಮೊಬೈಲಿನಲ್ಲಿ ಆ ಹಂಚಿನ ಚಿತ್ರವನ್ನು ತೋರಿಸಿ, ಅದನ್ನು ಮಗನ ಕೈಯಿಂದ ತರಿಸಬೇಕಾಗುವುದೆಂದು ನಿಟ್ಟುಸಿರು ಬಿಟ್ಟಾಗ ವೈನಿಯವರು ಮಾತನಾಡದೆ ಒಳಗೆ ಹೋಗಿ, ತಮ್ಮ ಅತ್ತೆಯ ಕಾಲದ ಏಳು ಕುಳಿಯ ಪಡ್ಡಿನ ಹಂಚನ್ನು ತಂದು ಅವರ ಮುಂದಿಟ್ಟರು. ಮಾಸ್ತರರು ಮೊಬೈಲನ್ನೂ ಹಂಚನ್ನೂ ಅಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಕಡೆಗೆ, ‘ಆದರ ಅವರು ಇದನ್ನ ಹೆಣಿಕಿ ಸೂಜೀಲೆ ತಿರುವ್ತಾರ’ ಎಂದರು. ಈ ಮಾತು ಸತ್ಯ. ಉಣ್ಣೆ ಹೆಣೆಯುವ ಸೂಜಿಯಿಂದ ತಿರುವುವುದೇ ಅಲ್ಲಿಯ ಹಳೆಯ ಪದ್ಧತಿ. ಆದರೆ ಚಾದರಕ್ಕೆ ಹೆಸರಾದ ಸೊಲ್ಲಾಪುರದಲ್ಲಿ ಮಗ್ಗ ಬೇಕೆಂದರೆ ಸಿಕ್ಕೀತು, ಸ್ವೆಟರ್ ಹೆಣೆಯುವ ಸೂಜಿಯನ್ನು ಎಲ್ಲಿಂದ ತರುವುದು? ಒಂದು ಇಡೀ ದಿನ ಪೇಟೆ ಸುತ್ತಿ ಮಾಸ್ತರರು ಬರಿಗೈಯಲ್ಲಿ ಮರಳುವಷ್ಟರಲ್ಲಿ ವೈನಿಯವರು ಚಮಚದ ಹಿಡಿಯಿಂದಲೇ ಮೂರು ಹಂಚು ಇಳಿಸಿದ್ದರು, ಬೆಲ್ಲ ಯಾಲಕ್ಕಿ ಹಾಕಿ. ಯಾಲಕ್ಕಿಯನ್ನು ಕಂಡು ಮಾಸ್ತರರು ಹಿಗ್ಗಿದರು. ಏಕೆಂದರೆ ಆ ಶೀತದೇಶದವರು ತಮ್ಮ ಬೇಕರಿಯ ತಿಂಡಿಗಳಿಗೆ ಯಾಲಕ್ಕಿಯನ್ನು ಧಾರಾಳವಾಗಿ ಹಾಕುವವರು. ಅವರ ಕ್ಲೈನರ್ ಎಂಬುದಂತೂ ಯಾಲಕ್ಕಿ ಬೆರಸಿದ ಕಣಕವನ್ನು ಶಂಕರಪಾಳಿಯಂತೆ ಕತ್ತರಿಸಿ, ನಡುವೆ ಸೀಳಿ, ತಿರುಚಿ ಕರಿದದ್ದು. ‘ಯಾಲಕ್ಕಿ ನಮ್ದು, ಕರಿಯೂದು ನಮ್ದು. ಆ ತಿರುವು ಒಂದ ಅವರ್ದು’ ಎಂದು ವೈನಿಯವರು ತೀರ್ಪು ಕೊಟ್ಟರು.

ಇಂತಹ ತೀರ್ಪುಗಳಿಗೆ ಮಾಸ್ತರರ ಬಳಿ ಇತಿಹಾಸದ ಉತ್ತರವಿತ್ತು. ಡೇನರು 1620ರಲ್ಲಿಯೇ ತಮಿಳುನಾಡಿನ ತರಂಗಂಬಾಡಿಗೆ ಬಂದು ಕೋಟೆ ಕಟ್ಟಿ, 1845ರಲ್ಲಿ ಆಂಗ್ಲರಿಗೆ ಮಾರಿ ಹೋಗುವವರೆಗೆ ಅಲ್ಲಿದ್ದರೆಂದೂ, 1938ರಲ್ಲಿ ಮುಂಬಯಿಯಲ್ಲಿ ಲಾರ್ಸನ್ ಆಂಡ್ ಟೂಬ್ರೊ ಕಂಪನಿಯನ್ನು ತೆಗೆದವರು ಇಬ್ಬರು ಡೇನ್ ಇಂಜಿನಿಯರರೆಂದೂ, ಹಾಗಾಗಿ ಈ ಸಂಬಂಧವು ನಿನ್ನೆ ಮೊನ್ನೆಯದಲ್ಲವೆಂದೂ ಅವರು ಕಟ್ಟೆಯ ಮೇಲೆ ಕುಳಿತು ಪಾಠ ಹೇಳುತ್ತಿದ್ದರು. ಲೋಕವೆಲ್ಲ ‘ಡೇನಿಶ್’ ಎಂದು ಕರೆಯುವ ಪದರುಪದರಿನ ತಿಂಡಿಯನ್ನು ಡೇನರು ಮಾತ್ರ ‘ವಿಯೆನ್ನಾದ ಬ್ರೆಡ್ಡು’ ಎನ್ನುತ್ತಾರೆಂಬುದನ್ನು ಅವರಿಂದಲೇ ತಿಳಿದೆನು. 1850ರಲ್ಲಿ ಅಲ್ಲಿಯ ಬೇಕರಿಯ ಕೆಲಸಗಾರರು ಮುಷ್ಕರ ಹೂಡಿದಾಗ ಆಸ್ಟ್ರಿಯಾದಿಂದ ಬಂದವರು ಅದನ್ನು ಕಲಿಸಿದರಂತೆ. ಬೆಂಗಳೂರಿನವರ ಬಾಂಬೆ ರವೆ ಬಾಂಬೆಯಲ್ಲಿ ಆ ಹೆಸರಿನಿಂದ ಸಿಕ್ಕದ ಹಾಗೆ ಎಂದುಕೊಂಡು ನಾನು ಸುಮ್ಮನಾದೆನು. ಸಿಹಿಮಜ್ಜಿಗೆಯಲ್ಲಿ ಬಿಸ್ಕೀಟು ಪುಡಿಮಾಡಿ ಉಣ್ಣುವ ಅವರ ಬೇಸಿಗೆಯ ತಂಪು ಸಾರಿನ ವಿಚಾರವನ್ನು ಇಲ್ಲಿ ಬಿಡುತ್ತೇನೆ; ಆ ಬಿಸ್ಕೀಟಿಗೆ ರಾಜನ ಶಯನಾಗಾರದ ಅಧಿಕಾರಿಯ ಪದವಿಯ ಹೆಸರಿರುವುದನ್ನು ಕೇಳಿ, ಸಂಸ್ಥಾನದ ಊರಿನವರಾದ ನಾವು ತುಸು ಗೌರವದಿಂದ ತಿಂದೆವೆಂದಷ್ಟು ಹೇಳಿದರೆ ಸಾಕು.

ಇನ್ನು ಡಿಸೆಂಬರ್ 24ರ ರಾತ್ರಿ. ಅಂದು ಡೆನ್ಮಾರ್ಕಿನಲ್ಲಿ ಮನೆಮಂದಿಯೆಲ್ಲ ಕೈ ಕೈ ಹಿಡಿದು ಮರವನ್ನು ಸುತ್ತುತ್ತ ಹಾಡುತ್ತಾರೆಂದು ಮಾಸ್ತರರು ಹೇಳಿದಾಗ, ‘ನಾವು ವಟಸಾವಿತ್ರಿಗೆ ಸುತ್ತೂದಿಲ್ಲೇನ್ರಿ?’ ಎಂದು ವೈನಿಯವರು ಕೇಳಿದ್ದರು. ಸುತ್ತುವುದನ್ನು ಕೈಬಿಟ್ಟು ಉಣ್ಣುವುದನ್ನಷ್ಟೆ ಇಟ್ಟುಕೊಳ್ಳಲಾಯಿತು. ಹಾಲಿನಲ್ಲಿ ಬೇಯಿಸಿದ ಅನ್ನವನ್ನು ಆರಿಸಿ, ಕೆನೆಯನ್ನು ಕಡೆದು ಸೇರಿಸಿ, ಹೆಚ್ಚಿದ ಬದಾಮಿಯನ್ನು ಬೆರಸಿ, ಒಂದೇ ಒಂದು ಇಡಿಯ ಬದಾಮಿಯನ್ನು ಅದರಲ್ಲಿ ಹುದುಗಿಸಿಡುವುದು. ಅದು ಯಾರ ಪಾಲಿಗೆ ಬರುವುದೋ ಅವರಿಗೆ ಉಡುಗೊರೆ. ಬಂದವನು ಅದನ್ನು ದವಡೆಯಲ್ಲಿ ಅಡಗಿಸಿಕೊಂಡು, ಪಾತ್ರೆ ಬರಿದಾಗುವವರೆಗೆ ಏನೂ ಅರಿಯದವನಂತೆ ಉಣ್ಣುತ್ತಿರಬೇಕು. ಉಳಿದವರು ಅದರ ಆಸೆಯಿಂದ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಉಡುಗೊರೆಯೆಂದು ಹೋದ ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಯಾತ್ರೆಯಲ್ಲಿ ಕೊಂಡ, ಇನ್ನೂ ಮಡಿಕೆ ಬಿಚ್ಚದ ಚಾದರವೊಂದನ್ನು ಕುರ್ಚಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ನಿಯಮವನ್ನು ಮಾಸ್ತರರು ಎರಡು ಸಲ ಓದಿ ಹೇಳಿದರು. ನಾವು ಹನ್ನೊಂದು ಜನ ಪಂಕ್ತಿಯಲ್ಲಿ ಕುಳಿತೆವು.

ಎರಡನೆಯ ತುತ್ತಿಗೇ ನನ್ನ ಹಲ್ಲಿಗೆ ಬದಾಮಿ ತಗುಲಿತು. ಹರ್ಷವನ್ನು ಅದುಮಿಕೊಂಡು ಅದನ್ನು ನಾಲಿಗೆಯಿಂದ ಎಡದವಡೆಗೆ ತಳ್ಳಿ, ನೆರೆಯಲ್ಲಿದ್ದ ಕಿರಾಣಿ ಅಂಗಡಿಯವರ ಮುಖವನ್ನು ನೋಡಿದೆನು. ಅವರು ನನ್ನ ಮುಖವನ್ನು ನೋಡುತ್ತಿದ್ದರು. ಅಲ್ಲಿಂದ ಮುಂದೆ ಪಂಕ್ತಿಯಲ್ಲಿ ಮಾತೇ ನಿಂತುಹೋಯಿತು. ಸದಾ ಗಡಿಯ ವಾದವನ್ನೂ ಮಹಾಜನ ವರದಿಯನ್ನೂ ಎತ್ತಿ ಊಟವನ್ನೇ ಮರೆಯುತ್ತಿದ್ದ ಹಿರಿಯರೂ ಆ ರಾತ್ರಿ ಬಾಯಿ ತೆರೆಯಲಿಲ್ಲ. ಬರಿಯ ಕೈಸನ್ನೆಯಿಂದ ‘ಇನ್ನಷ್ಟು’ ಎಂದು ಹಾಕಿಸಿಕೊಂಡರು. ಇಂತಹ ಶಿಸ್ತನ್ನು ತಮ್ಮ ತರಗತಿಯಲ್ಲಿಯೂ ಕಂಡಿರದ ಮಾಸ್ತರರ ಕಣ್ಣುಗಳು ತೇವಗೊಂಡವು. ಪಾತ್ರೆ ಬರಿದಾಯಿತು.

‘ಹೂಂ, ಯಾರಿಗೆ ಬಂತು? ತೋರಸ್ರಿ!’

ಹನ್ನೊಂದು ಜನರೂ ಏಕಕಾಲಕ್ಕೆ ನಾಲಿಗೆ ಚಾಚಿದೆವು. ಹನ್ನೊಂದು ನಾಲಿಗೆಗಳ ಮೇಲೂ ಬದಾಮಿ. ಒಬ್ಬ ಹುಡುಗನ ನಾಲಿಗೆಯ ಮೇಲೆ ಮೂರು ಇದ್ದವು.

ಮಾಸ್ತರರು ಮೆಲ್ಲಗೆ ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿದರು. ವೈನಿಯವರು ಸೌಟನ್ನು ಹಿಡಿದುಕೊಂಡೇ ಅಲ್ಲಿ ನಿಂತಿದ್ದರು.

‘ಹನ್ನೊಂದ ಮಂದೀನ ಕರದು ಒಂದ ಬದಾಮಿ ಹಾಕಿದರ ಊರಾಗ ಏನಂದಾರ್ರಿ? ಪಾವ್ ಕಿಲೋ ಹಾಕೀನಿ. ಹೆಚ್ಚಲಿಕ್ಕೆ ಹೊತ್ತ ಸಿಗಲಿಲ್ಲ.’

ಹೀಗೆಂದು ಸೌಟನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಯ ಮೇಲಿದ್ದ ಚಾದರವನ್ನೆತ್ತಿ ಕಂಕುಳಲ್ಲಿ ಇರುಕಿ ಒಳಗೆ ಹೋದರು. ಟ್ರಂಕಿನ ಕೀಲಿ ತಿರುಗಿದ ಸದ್ದು ನಮ್ಮೆಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.