ಹೆಗಲ ಮೇಲೊಂದು ಸಂಸಾರ

ಕ್ಯಾಮೆರಾ ಕೊಳ್ಳಲು ದುಡ್ಡಿದ್ದರೆ ಸಾಕು. ಅದನ್ನು ಹೊರುವ ಚೀಲ ಕೊಳ್ಳಲು ಮನೆಮಂದಿಯ ಒಪ್ಪಿಗೆಯೂ ಬೇಕು. ಅಪರ್ಚರ್, ಐಎಸ್‌ಒ ಎಂದರೆ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ಕ್ಯಾಮೆರಾ ವಿಷಯದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಚೀಲ ಎಂದ ಕೂಡಲೇ ಎಲ್ಲರಿಗೂ ಬಾಯಿ ಬಂತು. ಸಂತೆಗೆ ಹೋಗಿ ಬಂದವರೆಲ್ಲ ಚೀಲದ ಪಂಡಿತರೇ ತಾನೆ?

ಬೇಲೂರು-ಹಳೇಬೀಡಿಗೆ ಹೋಗುವುದೆಂದು ತೀರ್ಮಾನವಾದದ್ದೇ ತಡ, ನಾನು ಚೀಲದ ಅಧ್ಯಯನಕ್ಕೆ ಕೂತೆ. ದೇವಸ್ಥಾನದ ಅಧ್ಯಯನಕ್ಕೆ ಅವಸರವಿರಲಿಲ್ಲ. ಚೆನ್ನಕೇಶವ 1117ರಿಂದ ಅಲ್ಲೇ ನಿಂತಿದ್ದಾನೆ, ಇನ್ನೆರಡು ವಾರ ಕಾಯುತ್ತಾನೆ. ಚೀಲದ ಮೇಲಿನ ರಿಯಾಯಿತಿ ಕಾಯುವುದಿಲ್ಲ.

ಚೀಲಗಳಲ್ಲಿ ಎಷ್ಟೊಂದು ಜಾತಿ! ಬೆನ್ನಿಗೆ ಹಾಕುವುದು ಭಾರವನ್ನು ಎರಡು ಹೆಗಲಿಗೂ ಹಂಚುತ್ತದೆ ನಿಜ, ಆದರೆ ಒಂದೊಂದು ಫೋಟೊಕ್ಕೂ ಅದನ್ನು ಕೆಳಗಿಳಿಸಿ, ಕುಕ್ಕರುಗಾಲಲ್ಲಿ ಕೂತು, ಜಿಪ್ ಎಳೆಯಬೇಕು. ಅಡ್ಡಡ್ಡ ಹಾಕುವ ಸ್ಲಿಂಗ್ ಚೀಲವನ್ನು ಮುಂದಕ್ಕೆ ಜಗ್ಗಿದರೆ ಕ್ಯಾಮೆರಾ ಕೈಗೇ ಬರುತ್ತದೆ, ಆದರೆ ಸಂಜೆಯ ಹೊತ್ತಿಗೆ ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗಿರುತ್ತದೆ. ಸೊಂಟಕ್ಕೆ ಕಟ್ಟುವ ಪೌಚು ಎಲ್ಲಕ್ಕಿಂತ ಚುರುಕು. ಆದರೆ ನನ್ನ ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಬಗ್ಗೆ ನನಗೂ ನಮ್ಮ ದರ್ಜಿಗೂ ಹಳೆಯ ತಕರಾರಿದೆ.

ತೂಕವನ್ನೂ ನೋಡಬೇಕಲ್ಲ? ಅಡುಗೆಮನೆಯ ತಕ್ಕಡಿಯನ್ನು ಊಟದ ಮೇಜಿಗೆ ತಂದೆ. ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸು ಎರಡೂ ಸೇರಿ ಮುಕ್ಕಾಲು ಕಿಲೊ ಮುಟ್ಟಲಿಲ್ಲ. ನಾನು ಮೆಚ್ಚಿದ ಬೆನ್ನುಚೀಲ ಖಾಲಿಯಿದ್ದಾಗಲೇ ಒಂದೂವರೆ ಕಿಲೊ ಎಂದು ಅದರ ವಿವರದಲ್ಲಿತ್ತು. "ಅಂದ್ರೆ ಕ್ಯಾಮೆರಾನ ಹೊರೋಕೆ ಚೀಲ, ಚೀಲಾನ ಹೊರೋಕೆ ನೀವು" ಎಂದು ನನ್ನವಳು ಲೆಕ್ಕ ಮುಗಿಸಿ, ತಕ್ಕಡಿ ಎತ್ತಿಕೊಂಡು ಹೋದಳು.

ನಾನು ಬಿಡಲಿಲ್ಲ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7 ಕಿಲೊ ಮಿತಿ, ಬಿಡಿ ಲಿಥಿಯಂ ಬ್ಯಾಟರಿಯನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಒಯ್ಯಬೇಕು, ಸೀಟಿನಡಿ ಚೀಲ ಕೂರಬೇಕು ಎಂದು ವಿವರಿಸಿದೆ.

"ಬೇಲೂರಿಗೆ ವಿಮಾನ ಯಾವಾಗ ಬಿಟ್ರು ರೀ?"

"ಈಗಿಲ್ಲ ಕಣೇ. ಮುಂದೆಂದಾದ್ರೂ ಲಡಾಖಿಗೆ ಹೋದ್ರೆ?"

"ಮೊದ್ಲು ಹಾಸನದ ಬಸ್ಸಿಗೆ ಟಿಕೆಟ್ ಮಾಡ್ಸಿ."

ನನ್ನ ಮನಸ್ಸು ನಿಜವಾಗಿ ನೆಟ್ಟದ್ದು ಒಂದು ಕಂದು ಚರ್ಮದ ಚೀಲದ ಮೇಲೆ. ಅದನ್ನು ಹಾಕಿಕೊಂಡರೆ ಯಾವುದೋ ಯುದ್ಧಭೂಮಿಯಿಂದ ಈಗಷ್ಟೇ ಮರಳಿದ ವರದಿಗಾರನಂತೆ ಕಾಣುತ್ತೇನೆಂದು ಅಂಗಡಿಯ ಕನ್ನಡಿ ಹೇಳಿತ್ತು. ಅಮ್ಮ ಒಂದೇ ಮಾತಿಗೆ ಯುದ್ಧ ಮುಗಿಸಿದಳು: "ಚರ್ಮದ ಚೀಲ ನೇತು ಹಾಕ್ಕೊಂಡು ಕೇಶವನ ಮುಂದೆ ನಿಲ್ತೀಯೇನೋ?" ನನ್ನ ಬೆಲ್ಟೂ ಚರ್ಮದ್ದೇ ಎಂಬ ವಾದ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಪ್ಯಾಂಟಿಗೆ ಲಾಡಿ ಕಟ್ಟಬೇಕಾಗುತ್ತಿತ್ತು. ನುಂಗಿಕೊಂಡೆ.

ಆಮೇಲೆ ಚರಿತ್ರೆಯ ಮೊರೆ ಹೋದೆ. ಛಾಯಾಗ್ರಾಹಕರು ಕಣ್ಣಿಗೊತ್ತಿಕೊಳ್ಳುವ ಚೀಲಗಳನ್ನು ಮಾಡುವ ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್ ಸಂಸ್ಥೆ 1973ರಲ್ಲಿ ಶುರುವಾದಾಗ ಹೊಲಿಯುತ್ತಿದ್ದದ್ದು ಮೀನು ಹಿಡಿಯುವವರ ಚೀಲಗಳನ್ನು. ನ್ಯೂಯಾರ್ಕಿನ ಛಾಯಾಗ್ರಾಹಕರು ಅವನ್ನೇ ಕೊಂಡು ಕ್ಯಾಮೆರಾ ತುಂಬಿಕೊಳ್ಳುತ್ತಿದ್ದಾರೆಂದು ತಿಳಿದ ಮೇಲೆ ಕಂಪನಿ ಅತ್ತ ತಿರುಗಿತು. ಇದನ್ನು ಸಂಭ್ರಮದಿಂದ ಮನೆಯಲ್ಲಿ ಹೇಳಿದೆ. ಅಮ್ಮನಿಗೆ ಕೇಳಿಸಿದ್ದು 'ಮೀನು' ಮಾತ್ರ. ಆ ಚೀಲವೂ ಬಿತ್ತು.

ಕೊನೆಗೆ ಸರ್ವಸಮ್ಮತಿಯಿಂದ ಬಂದದ್ದು ಕಪ್ಪು ನೈಲಾನಿನ ದೊಡ್ಡ ಬೆನ್ನುಚೀಲ. ಒಳಗೆಲ್ಲ ಸ್ಪಂಜಿನ ಗೋಡೆಗಳು, ವೆಲ್ಕ್ರೊ ಕಿತ್ತು ಬೇಕಾದಲ್ಲಿ ಅಂಟಿಸಿ ಖಾನೆ ಮಾಡಿಕೊಳ್ಳಬಹುದು. ತಳದ ಜೇಬಿನಲ್ಲಿ ಮಳೆಗೆ ಹೊದಿಸುವ ಹಳದಿ ಅಂಗಿ. ಕ್ಯಾಮೆರಾಕ್ಕೊಂದು ಖಾನೆ, ಟೆಲಿ ಲೆನ್ಸಿಗೆ ಉದ್ದನೆಯದೊಂದು, 50 ಎಂಎಂ ಲೆನ್ಸಿಗೆ ಪುಟ್ಟದೊಂದು. ಮಲೆನಾಡಿನಂಚಿನ ತೇವಕ್ಕೆ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುತ್ತದೆಂದು ಮೂಲೆಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಇಟ್ಟೆ. ಇಷ್ಟು ಜಾಗ ಒಬ್ಬನೇ ಇಟ್ಟುಕೊಂಡು ಏನು ಮಾಡುತ್ತೇನೆಂದು ಮನೆಯವರೆಲ್ಲ ಇಣುಕಿ ನೋಡಿದರು. ಅವರ ಆ ನೋಟದಲ್ಲಿ ಸೈಟು ಅಳೆಯುವವರ ಗಾಂಭೀರ್ಯವಿತ್ತು.

ಬೇಲೂರಿನ ಜಗತಿಯ ಮೇಲೆ ನಿಂತು ಚೀಲ ತೆರೆದಾಗ ಆ ಗಾಂಭೀರ್ಯದ ಅರ್ಥ ತಿಳಿಯಿತು. ಅಲ್ಲಿನ ಮದನಿಕೆಯರು ನಮ್ಮ ಎದುರಿಗೆ ನಿಲ್ಲುವವರಲ್ಲ. ಕಂಬದ ನೆತ್ತಿಯಲ್ಲಿ, ಸೂರಿನಡಿಯಲ್ಲಿ ಓರೆಯಾಗಿ ಬಾಗಿ ನಿಂತವರು. ಸಾಧಾರಣ ಲೆನ್ಸಿನಲ್ಲಿ ತೆಗೆದರೆ ಸೂರು ಹೆಚ್ಚು, ಸುಂದರಿ ಕಡಿಮೆ. ಕನ್ನಡಿ ಹಿಡಿದ ದರ್ಪಣ ಸುಂದರಿಯ ಬೆರಳು, ಬೈತಲೆ ಕಾಣಬೇಕಾದರೆ ಟೆಲಿ ಲೆನ್ಸೇ ಬೇಕು. ಕೈ ಹಾಕಿದೆ. ಉದ್ದನೆಯ ಖಾನೆಯಲ್ಲಿ ಸಿಕ್ಕಿದ್ದು ಕಾಫಿ ಫ್ಲಾಸ್ಕು.

"ಟೆಲಿ ಲೆನ್ಸ್ ಎಲ್ಲೇ?"

"ಅದಾ? ಲಾಡ್ಜಲ್ಲಿದೆ. ಟವೆಲ್ ಸುತ್ತಿ ಭದ್ರವಾಗಿ ಇಟ್ಟಿದೀನಿ, ಹೆದರ್ಬೇಡಿ."

ಒಳಗೆ ನವರಂಗದಲ್ಲಿ ಕತ್ತಲು. ಕಡೆದ ಕಂಬಗಳ ಹೊಳಪು ಹಿಡಿಯಲು 1.8 ಅಪರ್ಚರಿನ 50 ಎಂಎಂ ಲೆನ್ಸೇ ಆಗಬೇಕು. ಅದರ ಖಾನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿಯಿತ್ತು. ಫಿಲ್ಟರಿನ ಜೇಬಿನಲ್ಲಿ ಅಮೃತಾಂಜನ, ಮುಂದಿನ ಜೇಬಿನಲ್ಲಿ ಕೋಡುಬಳೆ, ಕ್ಯಾಮೆರಾದ ಸುತ್ತ "ಮೆತ್ತಗಿರಲಿ ಅಂತ" ಅಮ್ಮ ತುರುಕಿದ ಮಂಕಿ ಕ್ಯಾಪು. ಲೆನ್ಸು ಸುಖವಾಗಿ ನನ್ನ ಮಗಳ ಸ್ವೆಟರಿನ ಜೇಬಿನಲ್ಲಿ ಬಬಲ್‌ಗಮ್ಮಿನ ಜೊತೆಗಿತ್ತು.

ಅಷ್ಟರಲ್ಲಿ ಮಂಗಳಾರತಿ. ಗಂಟೆ ನಿಂತು, ಜನ ಕಣ್ಣು ಮುಚ್ಚಿ ಕೈಮುಗಿದ ಆ ಗಳಿಗೆಯಲ್ಲೇ ನಾನು ಲೆನ್ಸಿನ ಮುಚ್ಚಳ ಹುಡುಕಿ ಒಂದು ಖಾನೆಯ ಗೋಡೆ ಎಳೆದೆ. ವೆಲ್ಕ್ರೊ ಪರ್ರೆಂದಿತು. ಪಕ್ಕದಲ್ಲಿದ್ದ ಹಿರಿಯರು ಬೆಚ್ಚಿ, ಮುಗಿದ ಕೈ ಬಿಡಿಸಿ, ಹಿಂದಕ್ಕೆ ಚಾಚಿ ತಮ್ಮ ಪಂಚೆಯನ್ನು ಮುಟ್ಟಿ ನೋಡಿಕೊಂಡರು. ಅವರ ಹಿಂದಿದ್ದವರೂ ನೋಡಿಕೊಂಡರು. ಎಲ್ಲರ ಪಂಚೆಯೂ ಕ್ಷೇಮವೆಂದು ಖಾತ್ರಿಯಾದ ಮೇಲೆ ಎಲ್ಲರೂ ಸೇರಿ ನನ್ನನ್ನು ನೋಡಿದರು.

ಹಳೇಬೀಡು ಮುಟ್ಟುವಾಗ ನಡುಮಧ್ಯಾಹ್ನ. ಬರಿಗಾಲಲ್ಲಿ ಹೊಯ್ಸಳೇಶ್ವರನ ಜಗತಿ ಸುತ್ತಬೇಕು. ಕಲ್ಲು ಕಾದು ಕೆಂಡ. ಮಗಳು ಒಂದು ಕಾಲಿಂದ ಇನ್ನೊಂದಕ್ಕೆ ಕುಣಿಯತೊಡಗಿದಳು. ಚೀಲದ ಹಳದಿ ಅಂಗಿಯನ್ನು ನನ್ನವಳು ಎಳೆದು ಹಾಸಿದಳು. ಮೊದಲು ಮಗಳು ನಿಂತಳು, ಆಮೇಲೆ ಅಮ್ಮ ಕೂತಳು, ಆಮೇಲೆ ಯಾರದೋ ಮನೆಯ ಮಗು ಬಂದು ಮಲಗಿತು. ಅಷ್ಟು ದುಡ್ಡು ಕೊಟ್ಟ ಚೀಲದಲ್ಲಿ ಅಂದು ಎಲ್ಲರೂ ಮನಸಾರೆ ಹೊಗಳಿದ ಭಾಗ ಅದೊಂದೇ.

ಆ ಪ್ರವಾಸದ ಫೋಟೊಗಳು ನಮ್ಮಲ್ಲಿ ಬೇಕಾದಷ್ಟಿವೆ, ಎಲ್ಲವನ್ನೂ ತೆಗೆದದ್ದು ಮಗಳು, ಮೊಬೈಲಿನಲ್ಲಿ. ಅಮ್ಮ ನಂದಿಯ ಮುಂದೆ, ನನ್ನವಳು ಆನೆಗಳ ಸಾಲಿನ ಮುಂದೆ. ಹಿನ್ನೆಲೆಯಲ್ಲಿ ಪ್ರತಿಯೊಂದರಲ್ಲೂ ನಾನಿದ್ದೇನೆ, ಕುಕ್ಕರುಗಾಲಲ್ಲಿ ಕೂತು, ಕತ್ತಿನವರೆಗೆ ಚೀಲದೊಳಗೆ ಹೊಕ್ಕು. ಬಂದು ನೋಡಿದ ನೆಂಟರೊಬ್ಬರು, "ಅಲ್ಲಿ ಏನಾದರೂ ಕಳೆದುಕೊಂಡಿದ್ರಾ?" ಎಂದು ಕನಿಕರದಿಂದ ಕೇಳಿದರು. ಸಿಲಿಕಾ ಜೆಲ್ ಪೊಟ್ಟಣಗಳು ಈಗ ಅಮ್ಮನ ಹಪ್ಪಳದ ಡಬ್ಬದಲ್ಲಿವೆ. ಹಪ್ಪಳಕ್ಕೆ ಬೂಷ್ಟಿನ ಭಯವಿಲ್ಲ.

ಮುಂದಿನ ಪ್ರವಾಸಕ್ಕೆ ನನ್ನವಳು ಅಟ್ಟದಿಂದ ನನ್ನ ಕಾಲೇಜು ದಿನಗಳ ಖಾದಿ ಬಗಲುಚೀಲವನ್ನು ಇಳಿಸಿದಳು. ಜುಬ್ಬಾ, ಕುರುಚಲು ಗಡ್ಡ, ಆ ಬಗಲುಚೀಲ ಇಷ್ಟಿದ್ದರೆ ಕವನ ಬರೆಯದಿದ್ದರೂ ಕವಿಯೆಂದು ಜನ ನಂಬುತ್ತಿದ್ದ ಕಾಲದ್ದು. ಒಳಗೆ ಸ್ಪಂಜಿನ ಒಂದು ಪುಟ್ಟ ಪೆಟ್ಟಿಗೆ ಇಳಿಸಿದೆ. ಇಂಥವು ಬಿಡಿಯಾಗಿಯೇ ಸಿಗುತ್ತವೆ. ಒಂದು ಕ್ಯಾಮೆರಾ, ಒಂದು ಲೆನ್ಸು, ಒಂದು ಬ್ಯಾಟರಿ. ಬಾಯಿ ಮೇಲಕ್ಕೇ ತೆರೆದಿರುವುದರಿಂದ ನಡೆಯುತ್ತಲೇ ಕ್ಯಾಮೆರಾ ತೆಗೆಯಬಹುದು. ಬಟ್ಟೆ ಮೆತ್ತಗಿದ್ದು ಪಕ್ಕೆಗೆ ಒರಗಿ ಕೂರುತ್ತದೆ, ಸದ್ದಿಲ್ಲ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡಾಮ್ಕಿ 1970ರ ದಶಕದಲ್ಲಿ ತನಗಾಗಿ ರೂಪಿಸಿಕೊಂಡದ್ದೂ ಗಟ್ಟಿ ಪೆಟ್ಟಿಗೆಯನ್ನಲ್ಲ, ಇಂಥದೇ ಮೆತ್ತನೆಯ ಕ್ಯಾನ್ವಾಸ್ ಚೀಲವನ್ನು. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಒಳಗೆ ಕ್ಯಾಮೆರಾ ಇದೆಯೆಂದು ಕಳ್ಳನಿಗೆ ಅನುಮಾನವೇ ಬರುವುದಿಲ್ಲ. ಹೆಚ್ಚೆಂದರೆ ಕವನವಿದೆಯೆಂದು ದೂರ ಸರಿಯುತ್ತಾನೆ.

ಆದ್ದರಿಂದ, ಚೀಲ ಕೊಳ್ಳಹೊರಟ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಅಂಗಡಿಗೆ ಹೋಗುವಾಗ ಲೆನ್ಸುಗಳ ಜೊತೆ ಮನೆಯ ಫ್ಲಾಸ್ಕನ್ನೂ ಒಯ್ಯಿರಿ. ಲೆನ್ಸು ಹಿಡಿಸಬೇಕು, ಫ್ಲಾಸ್ಕು ಹಿಡಿಸಬಾರದು. ಅದೇ ಒಳ್ಳೆಯ ಕ್ಯಾಮೆರಾ ಚೀಲ. ಫ್ಲಾಸ್ಕಿಗೆ ಬೇರೊಂದು ಚೀಲ ಕೊಡಿಸಿ, ಅದನ್ನೂ ನೀವೇ ಹೊರಿ.