ಸಾರ್ವಭೌಮರು

ಬೆಳಗಿನ ಪತ್ರಿಕೆಯಲ್ಲಿ ವಿದೇಶವಾರ್ತೆಯ ಪುಟವನ್ನೇ ಮೊದಲು ತೆರೆದು, ಎಲ್ಲಿಯೋ ಎರಡು ರಾಷ್ಟ್ರಗಳ ನಡುವೆ ಯುದ್ಧವಾಗುವ ಸಂಭವವಿದೆಯೆಂಬ ಸುದ್ದಿಯನ್ನು ಓದಿ, ‘ಅಯ್ಯೋ ಪಾಪ’ ಎನ್ನುವುದಕ್ಕೆ ಬದಲಾಗಿ ‘ಇವರಿಗೆ ತೈಲವೆಲ್ಲಿದೆ?’ ಎಂದು ಗೊಣಗುವ ಗೃಹಸ್ಥರನ್ನು ನೀವು ಕಂಡಿದ್ದರೆ, ಅವರನ್ನು ಅರ್ಥಶಾಸ್ತ್ರದ ಅಧ್ಯಾಪಕರೆಂದೋ ಸೇನೆಯಿಂದ ನಿವೃತ್ತರಾದವರೆಂದೋ ಭ್ರಮಿಸಬೇಡಿ. ಬಹುಮಟ್ಟಿಗೆ ಅವರು ಯಾವುದೋ ವಿಮಾ ಕಚೇರಿಯಲ್ಲಿಯೋ ಸಾಫ್ಟ್‌ವೇರ್ ಕಂಪನಿಯಲ್ಲಿಯೋ ಹಗಲೆಲ್ಲ ದುಡಿದು, ರಾತ್ರಿ ಮನೆಮಂದಿ ಮಲಗಿದ ತರುವಾಯ ಕಂಪ್ಯೂಟರಿನ ಮುಂದೆ ಕುಳಿತು ಭೂಮಂಡಲವನ್ನು ಆಳುವ ವರ್ಗಕ್ಕೆ ಸೇರಿದವರು. ಇಂಥವರೊಬ್ಬರು ಬೆಂಗಳೂರಿನ ನಮ್ಮ ಬಡಾವಣೆಯಲ್ಲಿಯೂ ವಾಸಿಸುತ್ತಾರೆ. ಅವರ ನಾಮಧೇಯವನ್ನು ಬಯಲುಮಾಡುವುದು ರಾಜತಂತ್ರದ ದೃಷ್ಟಿಯಿಂದ ಉಚಿತವಲ್ಲವಾದಕಾರಣ ಸಾರ್ವಭೌಮರೆಂದೇ ಕರೆಯುತ್ತೇನೆ.

ಅವರ ಪಟ್ಟಾಭಿಷೇಕ ನಡೆದದ್ದು ‘ಹಾರ್ಟ್ಸ್ ಆಫ್ ಐರನ್ 4’ ಎಂಬ ಆಟದಲ್ಲಿ. ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಎಂಬ ಸಂಸ್ಥೆಯವರು ಇದನ್ನು 2016ರ ಜೂನ್ 6ರಂದು, ಎಂದರೆ 1944ರಲ್ಲಿ ಮಿತ್ರರಾಷ್ಟ್ರಗಳ ಸೇನೆ ನಾರ್ಮಂಡಿಯ ಕರಾವಳಿಯಲ್ಲಿ ಇಳಿದ ತಾರೀಖಿನಂದೇ, ಹೊರತಂದರು. 1936ರ ಜನವರಿ 1ರಂದು ಜಗತ್ತು ಹೇಗಿತ್ತೋ ಹಾಗೆ ಭೂಪಟವನ್ನು ಹರಡಿ, ಇಚ್ಛೆಬಂದ ದೇಶವನ್ನು ಆರಿಸಿಕೊಳ್ಳಿರೆಂದು ಆಟವು ಆಹ್ವಾನಿಸುತ್ತದೆ. ಯುದ್ಧದ ಆಟವೆಂದೊಡನೆ ಫಿರಂಗಿಯ ಗರ್ಜನೆಯನ್ನೂ ರಕ್ತಪಾತವನ್ನೂ ನಿರೀಕ್ಷಿಸಿ ಅವರ ಬೆನ್ನ ಹಿಂದೆ ನಿಂತವನಿಗೆ ನಿರಾಶೆ ಕಟ್ಟಿಟ್ಟದ್ದು. ಅಲ್ಲಿ ಕಾಣುವುದು ಬಣ್ಣಬಣ್ಣದ ನಕಾಶೆ, ಅದರ ಮೇಲೆ ಬಾಣದ ಗುರುತುಗಳು, ಸುತ್ತಲೂ ಅಂಕಿಗಳು, ಅಂಕಿಯ ಬಳಿಗೆ ಮೌಸನ್ನು ಒಯ್ದರೆ ಅದಕ್ಕೊಂದು ವ್ಯಾಖ್ಯಾನ, ಆ ವ್ಯಾಖ್ಯಾನದೊಳಗೆ ಮತ್ತಷ್ಟು ಅಂಕಿಗಳು. ಉಕ್ಕು, ಅಲ್ಯೂಮಿನಿಯಮ್, ರಬ್ಬರು, ಟಂಗ್‌ಸ್ಟನ್, ಕ್ರೋಮಿಯಮ್, ತೈಲ ಇವುಗಳಲ್ಲಿ ಯಾವುದನ್ನು ಯಾರಿಂದ ತರಿಸಬೇಕು, ಅದಕ್ಕೆ ಪ್ರತಿಯಾಗಿ ಎಷ್ಟು ಕಾರ್ಖಾನೆಗಳ ದುಡಿಮೆಯನ್ನು ಬಿಟ್ಟುಕೊಡಬೇಕು ಎಂಬುದೇ ಅಲ್ಲಿಯ ಮಹಾಕಾವ್ಯ. ಬಂದೂಕು ತಯಾರಿಸುತ್ತಿದ್ದ ಕಾರ್ಖಾನೆಗಳನ್ನು ಅವಸರಪಟ್ಟು ಟ್ಯಾಂಕಿನ ಕೆಲಸಕ್ಕೆ ಹಚ್ಚಿದರೆ ಅಷ್ಟುಕಾಲ ಕೂಡಿಬಂದಿದ್ದ ದಕ್ಷತೆ ಕರಗಿಹೋಗುತ್ತದೆ. ರಾಷ್ಟ್ರವು ಮಾಡಿದ ಸಂಕಲ್ಪವೊಂದು ಸಿದ್ಧಿಸಬೇಕಾದರೆ ಸಾಮಾನ್ಯವಾಗಿ 70 ದಿನ ಹಿಡಿಯುತ್ತದೆ. (ನಮ್ಮ ರಸ್ತೆಯ ಮೋರಿಯ ಕೆಲಸ ವರ್ಷವಾದರೂ ಮುಗಿಯದಿದ್ದಾಗ, ಎರಡು ಸಂಕಲ್ಪಗಳನ್ನು ಏಕಕಾಲಕ್ಕೆ ಹಿಡಿದಿರಬೇಕೆಂದು ಸಾರ್ವಭೌಮರು ತೀರ್ಪಿತ್ತರು.)

ಬಹುಕಾಲ ಅವಲೋಕಿಸಿ ನಾನು ತಳೆದಿರುವ ಅಭಿಪ್ರಾಯವೇನೆಂದರೆ, ಸಾರ್ವಭೌಮರಲ್ಲಿ ಕ್ಷಾತ್ರವೆಂಬುದು ಲೇಶಮಾತ್ರವೂ ಇಲ್ಲ. ಅವರು ಹುಟ್ಟು ಶಾನುಭೋಗರು. ಜಿರಲೆ ಕಂಡರೆ ಕುರ್ಚಿಯ ಮೇಲೆ ಕಾಲೆತ್ತಿ ಕುಳಿತು ಮಗಳನ್ನು ಕರೆಯುವ ಈ ಸಾಧುಜೀವಿ, ಲಕ್ಷಾಂತರ ಸೈನಿಕರು ಅಳಿದರೆಂಬ ಲೆಕ್ಕವನ್ನು ತೆರೆಯ ಮೂಲೆಯಲ್ಲಿ ನೋಡಿ ವ್ಯಥೆಪಡುವುದು ಸತ್ತವರಿಗಾಗಿ ಅಲ್ಲ, ಅವರೊಡನೆ ನಷ್ಟವಾದ ಬಂದೂಕುಗಳ ದಾಸ್ತಾನಿಗಾಗಿ. ‘ನಿನ್ನೆ ರಾತ್ರಿ ಬೆಲ್ಜಿಯಮ್ ತೆಗೆದುಕೊಂಡೆ’ ಎಂದು ಅವರು ತರಕಾರಿ ಅಂಗಡಿಯಲ್ಲಿ ಹೇಳುವಾಗ ಆ ಧ್ವನಿಯಲ್ಲಿ ವಿಜಯೋನ್ಮಾದವೇನೂ ಇರುವುದಿಲ್ಲ. ಬಾಕಿ ಉಳಿದಿದ್ದ ಕಡತವೊಂದು ವಿಲೇವಾರಿಯಾಯಿತೆಂಬ ನೆಮ್ಮದಿ ಮಾತ್ರ ಇರುತ್ತದೆ. ಯುದ್ಧವೆಂಬುದು ಅವರಿಗೆ ವರ್ಷಾಂತ್ಯದ ಲೆಕ್ಕಪರಿಶೋಧನೆ. ಗೆದ್ದ ಬಳಿಕ ಗಡಿಗಳು ವಕ್ರವಾಗಿ, ತುಂಡುತುಂಡಾಗಿ ಉಳಿದರೆ ಅವರಿಗೆ ನಿದ್ರೆ ಬಾರದು; ನಕಾಶೆ ನೇರ್ಪಾಗಲೆಂಬ ಒಂದೇ ಕಾರಣಕ್ಕೆ ಲಕ್ಸೆಂಬರ್ಗನ್ನು ನುಂಗಿದವರು ಅವರು.

ಅವರ ಸಮಸ್ತ ಪ್ರಭುತ್ವದ ಮರ್ಮ ಕೀಲಿಮಣೆಯ ಉದ್ದನೆಯ ಸ್ಪೇಸ್‌ಬಾರಿನಲ್ಲಿದೆ. ಅದನ್ನೊತ್ತಿದರೆ ಕಾಲವು ಸ್ತಂಭಿಸುತ್ತದೆ. ಬಾಂಬು ಎಸೆಯಲು ಹೊರಟ ವಿಮಾನಗಳು ಆಕಾಶದಲ್ಲಿ ನಿಲ್ಲುತ್ತವೆ, ಶತ್ರುವಿನ ದಳ ನದಿಯ ನಡುವೆ ನಿಲ್ಲುತ್ತದೆ, ಸಾರ್ವಭೌಮರು ಕಾಫಿ ಹೀರುತ್ತ ಇಪ್ಪತ್ತು ನಿಮಿಷ ಪರ್ಯಾಲೋಚಿಸುತ್ತಾರೆ. ಆಳುವವರಿಗೆ ಇಂಥ ಸೌಕರ್ಯ ಯಾವ ಯುಗದಲ್ಲಿಯೂ ಇರಲಿಲ್ಲವೆಂಬುದನ್ನು ಅವರು ಒಪ್ಪುವುದಿಲ್ಲ. ಇತಿಹಾಸದಲ್ಲಿ ನಡೆದ ಅನರ್ಥಗಳೆಲ್ಲ ಯಾರೋ ಸಕಾಲಕ್ಕೆ ಆ ಕೀಲಿಯನ್ನು ಒತ್ತದೆ ಹೋದುದರ ಫಲವೆಂದೇ ಅವರ ಸಿದ್ಧಾಂತ. ಮನೆಯೊಳಗೆ ಮಾತ್ರ ಈ ಅಸ್ತ್ರ ನಡೆಯದು.

“ರೀ, ಊಟಕ್ಕೆ ಬನ್ನಿ, ಸಾರು ಆರ್ತಾ ಇದೆ.”

“ಒಂದೇ ನಿಮಿಷ ಕಣೇ, ರೊಮೇನಿಯಾ ತೈಲ ಕೊಡೋಕೆ ಒಪ್ಕೊಳ್ತಾ ಇದೆ.”

“ಒಪ್ಕೊಂಡ್ರೆ ಅದಕ್ಕೂ ಒಂದು ತಟ್ಟೆ ಇಡ್ಲಾ?”

ಈ ಪ್ರಶ್ನೆಗೆ ಉತ್ತರ ಕೊಡುವ ಸಾಮರ್ಥ್ಯವುಳ್ಳ ವಿದೇಶಾಂಗ ಖಾತೆ ಇನ್ನೂ ರೂಪುಗೊಂಡಿಲ್ಲ.

ವೀರವ್ರತವೊಂದು ಈ ಆಟದಲ್ಲುಂಟು. ‘ಐರನ್‌ಮ್ಯಾನ್’ ಎಂಬ ಆ ಕ್ರಮವನ್ನು ಕೈಕೊಂಡವನು ಸೋತಾಗ ಹಿಂದಿನ ಸ್ಥಿತಿಗೆ ಮರಳಿ ಮತ್ತೆ ಆಡುವಂತಿಲ್ಲ, ಮಾಡಿದ್ದನ್ನು ಉಣ್ಣಲೇಬೇಕು. ಸಾರ್ವಭೌಮರು ಈ ವ್ರತಸ್ಥರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಭ್ರಷ್ಟರನ್ನು ಕಂಡು ಮೂಗು ಮುರಿಯುತ್ತಾರೆ. ಆದರೆ ಪ್ರತಿ ರಾತ್ರಿ ಮಲಗುವ ಮುನ್ನ ಆಟದ ಕಡತದ ನಕಲೊಂದು ‘ಮನೆ ತೆರಿಗೆ ರಸೀತಿಗಳು’ ಎಂಬ ಹೆಸರಿನ ಫೋಲ್ಡರಿಗೆ ಸೇರುತ್ತದೆಂಬುದನ್ನು ಅವರ ಮಗಳು ನನ್ನ ಕಿವಿಯಲ್ಲಿ ಉಸುರಿದ್ದಾಳೆ.

ಭಾನುವಾರದ ಸಂಜೆ ಆಸ್ಥಾನ ವಿಸ್ತಾರವಾಗುತ್ತದೆ. ಹಳೆಯ ಸಹಪಾಠಿಗಳೆಲ್ಲ ಅಂತರ್ಜಾಲದ ಮೂಲಕ ನೆರೆದು, ಕ್ಯಾಲಿಫೋರ್ನಿಯಾದ ಭಾವಮೈದುನ ಜರ್ಮನಿಯಾಗಿ, ಮಂಗಳೂರಿನ ದಂತವೈದ್ಯರು ಇಟಲಿಯಾಗಿ, ಹುಬ್ಬಳ್ಳಿಯ ಮಿತ್ರರು ಜಪಾನಾಗಿ, 1939ಕ್ಕೆ ಮುಂಚೆ ಯಾರೂ ಯಾರ ಮೇಲೂ ಏರಿಹೋಗಕೂಡದೆಂಬ ಒಡಂಬಡಿಕೆಯನ್ನು ಕೈಗೊಂಡು ಆಟಕ್ಕಿಳಿಯುತ್ತಾರೆ. ಈಚೆಗೆ ಶಾಂತಸಾಗರದ ಮಹಾಯುದ್ಧ ನಿರ್ಣಾಯಕ ಘಟ್ಟವನ್ನು ಮುಟ್ಟಿದ್ದಾಗ ಜಪಾನಿನ ನೌಕಾಬಲ ಹಠಾತ್ತನೆ ಜಡವಾಯಿತು. ಇದಾವ ಗೂಢತಂತ್ರವಿರಬಹುದೆಂದು ಮೂರು ಖಂಡಗಳ ನಾಯಕರು ತರ್ಕಿಸುತ್ತಿರುವಾಗ ಮೊಬೈಲಿನಲ್ಲಿ ಜಪಾನಿನ ವಾಣಿ ಕೇಳಿಬಂದಿತು: “ಕರೆಂಟ್ ಹೋಗೈತಿ ಮಾರಾಯಾ, ಬಂದ್ ಮ್ಯಾಲೆ ಮುಳುಗಿಸ್ರಿ.”

ಇದೇ ಸಂಸ್ಥೆ 2013ರಲ್ಲಿ ಹೊರತಂದ ‘ಯೂರೋಪಾ ಯೂನಿವರ್ಸಾಲಿಸ್ 4’ ಎಂಬ ಆಟದಲ್ಲಿ 1444ನೆಯ ಇಸವಿಯಿಂದ ಆರಂಭಿಸಿ ವಿಜಯನಗರವನ್ನೂ ಆಳಬಹುದು. ಸಾರ್ವಭೌಮರು ಆಳಿದ್ದಾರೆ, ಅವರ ಆಳ್ವಿಕೆಯಲ್ಲಿ 1565ರ ರಕ್ಕಸತಂಗಡಿಯ ಯುದ್ಧ ಸಂಭವಿಸಲೇ ಇಲ್ಲ. ಕಳೆದ ರಜೆಯಲ್ಲಿ ಸಂಸಾರಸಮೇತ ಹಂಪೆಗೆ ಹೋದಾಗ, ಎಲ್ಲರೂ ಭಗ್ನ ಮಂಟಪಗಳ ಮುಂದೆ ನಿಟ್ಟುಸಿರಿಡುತ್ತಿದ್ದರೆ ಇವರು ಮಾತ್ರ, ತಾವು ವಹಿಸಿಕೊಟ್ಟ ಮನೆಯನ್ನು ಬಾಡಿಗೆದಾರರು ಹಾಳುಗೆಡವಿದ್ದನ್ನು ಕಂಡ ಯಜಮಾನನಂತೆ ಮುಖ ಗಂಟಿಕ್ಕಿಕೊಂಡು ತಿರುಗಾಡಿದರಂತೆ.

ಇತ್ತೀಚಿನ ಕಾಲವನ್ನು ಚಿತ್ರಿಸುವ ಆಟಗಳಲ್ಲಿ ಅವರ ಕೀರ್ತಿ ಅಷ್ಟು ಉಜ್ಜ್ವಲವಲ್ಲ. ಹವ್ಯಾಸಿಗಳು ಸೇರಿ ‘ಹಾರ್ಟ್ಸ್ ಆಫ್ ಐರನ್ 4’ರ ಮೇಲೆ ಕಟ್ಟಿದ ‘ಮಿಲೇನಿಯಮ್ ಡಾನ್’ 2000ನೆಯ ಇಸವಿಯಿಂದ ಮೊದಲಾಗುತ್ತದೆ. ಅಲ್ಲಿ ಹೇಗೋ ನಿಭಾಯಿಸಿದರು. ಆದರೆ ಎವರ್‌ಸಿಮ್ ಎಂಬ ಫ್ರೆಂಚ್ ಸಂಸ್ಥೆಯ ‘ಪವರ್ ಅಂಡ್ ರೆವೊಲ್ಯೂಷನ್’ ಆಟದಲ್ಲಿ ಮಸೂದೆಯನ್ನು ಸಂಸತ್ತಿನಲ್ಲಿ ಅಂಗೀಕಾರ ಮಾಡಿಸಬೇಕು, ಕಾರ್ಮಿಕ ಸಂಘದ ಮುಖಂಡರನ್ನು ಕರೆಸಿ ಸಮಾಧಾನಪಡಿಸಬೇಕು, ಜನಪ್ರಿಯತೆ ಇಳಿಯದಂತೆ ನೋಡಿಕೊಳ್ಳಬೇಕು. ಫ್ರಾನ್ಸಿನ ಅಧ್ಯಕ್ಷರಾದ ಸಾರ್ವಭೌಮರು ತೆರಿಗೆಯೊಂದನ್ನು ಏರಿಸಿ ಮುಷ್ಕರವನ್ನು ಬರಮಾಡಿಕೊಂಡು, ಒಂದೇ ಒಂದು ಗಡಿಯನ್ನೂ ನೇರ್ಪುಗೊಳಿಸುವ ಮೊದಲೇ ಪದಚ್ಯುತರಾದರು. ‘ಜನ ಅಡ್ಡ ಬಂದರೆ ರಾಜ್ಯ ಆಳುವುದು ಹೇಗೆ?’ ಎಂದು ಅವರು ಅಂದು ಕೇಳಿದ ಪ್ರಶ್ನೆಯಲ್ಲಿ ಕಪಟವಿರಲಿಲ್ಲ.

ನನ್ನ ಪಕ್ಷಪಾತವಾದರೋ ಮತ್ತೂ ಹಳೆಯದೊಂದರ ಕಡೆಗೆ. ಕ್ರಿಸ್ ಕ್ರಾಫರ್ಡ್ ಎಂಬಾತ 1985ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ರಚಿಸಿದ ‘ಬ್ಯಾಲೆನ್ಸ್ ಆಫ್ ಪವರ್’ ಆಟದಲ್ಲಿ ಅಮೆರಿಕದ ಅಧ್ಯಕ್ಷನೋ ಸೋವಿಯತ್ ಪಕ್ಷದ ಪ್ರಧಾನ ಕಾರ್ಯದರ್ಶಿಯೋ ಆಗಿ ಎಂಟು ವರ್ಷ ಕಳೆಯಬೇಕು. ಪರದೇಶವೊಂದಕ್ಕೆ ನೀವು ಆಯುಧ ಕಳುಹಿಸಿದರೆ ಎದುರಾಳಿ ಆಕ್ಷೇಪಿಸುತ್ತಾನೆ. ಹಿಂದೆಗೆದರೆ ಮಾನಹಾನಿ, ಹಿಂದೆಗೆಯದೆ ಹೋದರೆ ಬಿಕ್ಕಟ್ಟು ಮೆಟ್ಟಿಲುಮೆಟ್ಟಿಲಾಗಿ ಏರಿ ಅಣ್ವಸ್ತ್ರಯುದ್ಧ. ಆ ಯುದ್ಧ ಸಿಡಿದಾಗ ತೆರೆಯ ಮೇಲೆ ಸ್ಫೋಟವಿಲ್ಲ, ಜ್ವಾಲೆಯಿಲ್ಲ. ಸೋಲಿಗೆ ಬಹುಮಾನ ಕೊಡುವ ಪದ್ಧತಿ ತಮ್ಮಲ್ಲಿಲ್ಲವೆಂಬ ಅರ್ಥದ ಒಣ ಒಕ್ಕಣೆಯಷ್ಟೆ. ಆಟಗಾರನ ಮುಖಕ್ಕೆ ಇಷ್ಟು ಸಭ್ಯವಾಗಿ ಛೀಮಾರಿ ಹಾಕಿದ ಗ್ರಂಥಕರ್ತನನ್ನು ನಾನು ಬೇರೆ ಕಾಣೆ. ನನ್ನ ಒತ್ತಾಯಕ್ಕೆ ಕುಳಿತ ಸಾರ್ವಭೌಮರು, ಭೂಪಟದಲ್ಲಿ ಹುಡುಕಬೇಕಾದಷ್ಟು ಪುಟ್ಟ ದೇಶವೊಂದರ ನಿಮಿತ್ತವಾಗಿ ಮಾನವಕುಲವನ್ನು ಮೂರನೆಯ ವರ್ಷದಲ್ಲಿಯೇ ಮುಗಿಸಿದರು. ಅವರ ದೂರು ಒಂದೇ: ಹತರಾದವರ ಪಟ್ಟಿಯನ್ನು ದೇಶವಾರು ಕೊಡಲಿಲ್ಲವಂತೆ.

ಮೊನ್ನೆ ಮದುವೆಯ ಮನೆಯಲ್ಲಿ ವಿದೇಶಾಂಗ ಸೇವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಅವರ ಪಕ್ಕದ ಎಲೆಗೆ ಕುಳಿತರು. ದಶಕಗಳ ಕಾಲ ತಾವು ಮಾಡಿದ್ದು ಬಹುಪಾಲು ಕರಡುಗಳ ಅಲ್ಪವಿರಾಮಗಳನ್ನು ತಿದ್ದುವುದು, ಪರರಾಷ್ಟ್ರಗಳ ಹಜಾರಗಳಲ್ಲಿ ಕಾದು ಕುಳಿತಿರುವುದು, ಔತಣದಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬಾರದೆಂದು ಪಟ್ಟಿಮಾಡುವುದು ಎಂದು ಆ ಹಿರಿಯರು ಸಂಕೋಚದಿಂದ ವಿವರಿಸಿದರೆ, ಸಾರ್ವಭೌಮರು ಹೋಳಿಗೆಯನ್ನು ಮರೆತು, ಕಣ್ಣರಳಿಸಿ, ‘ಪಟ್ಟಿಯಲ್ಲಿ ಎಷ್ಟು ಕಲಮುಗಳಿರುತ್ತಿದ್ದವು ಸಾರ್?’ ಎಂದು ವಿಚಾರಿಸಿದರು. ಮರುವಾರವೇ ಆ ಹಿರಿಯರಿಗೂ ಆಟದ ದೀಕ್ಷೆಯಾಯಿತು. ಅವರು ಪೋರ್ಚುಗಲನ್ನು ಆರಿಸಿಕೊಂಡಿದ್ದಾರೆ. ಈವರೆಗೆ ಒಂದು ಯುದ್ಧವನ್ನೂ ಹೂಡಿಲ್ಲ, ಯಾವ ಕೂಟಕ್ಕೂ ಸೇರಿಲ್ಲ, ಬಂದ ಆಹ್ವಾನಗಳನ್ನೆಲ್ಲ ಪರಿಶೀಲನೆಯಲ್ಲಿಟ್ಟಿದ್ದಾರೆ. ಹೀಗೆ ಆಡಿದರೆ ಆಟದ ಮರ್ಯಾದೆ ಉಳಿಯುವುದಿಲ್ಲವೆಂದು ಸಾರ್ವಭೌಮರು ಭಾನುವಾರದ ಸಭೆಯಲ್ಲಿ ಆಕ್ಷೇಪಣೆ ಎತ್ತಲಾಗಿ, ಅದನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಪೋರ್ಚುಗಲ್ ಕೇಳಿದೆ.