ಚಿಪ್ ಟೈಮಿನ ಸರದಾರ

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿಯಲು ಕೆಜಿಎಫ್‌ನವರು ದಿನಾ ಓಡುತ್ತಾರೆ. ಕಂಕುಳಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ಬಾಯಲ್ಲಿ ಅರ್ಧ ಇಡ್ಲಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸ ಬೆಂಗಳೂರಿಗೆ ಹೋಯಿತು, ಮನೆ ಇಲ್ಲೇ ಉಳಿಯಿತು. ನಡುವೆ ಈ ಓಟ. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇಂಥ ಓಟಗಾರರಲ್ಲೇ ಒಬ್ಬನಿಗೆ, ನಲವತ್ತು ದಾಟಿದ ಮೇಲೆ, ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಶುಗರ್ 'ಬಾರ್ಡರ್' ಎಂದು ಬರುತ್ತದೆ. ಅಂದೇ ಈತ ದುಡ್ಡು ಕಟ್ಟಿ ಓಡುವ ತೀರ್ಮಾನಕ್ಕೆ ಬರುತ್ತಾನೆ.

ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಿಂದ ನಡೆಯುತ್ತಿದೆ. ಮುಂಚೂಣಿಯ ಓಟಗಾರರು ಅಲ್ಲಿ 10 ಕಿ.ಮೀ.ಯನ್ನು 28 ನಿಮಿಷದೊಳಗೆ ಮುಗಿಸಿದ್ದೂ ಉಂಟು. ಈತನಿಗೆ ಅದೆಲ್ಲ ಬೇಡ, ಎದೆಗೆ ಸಿಕ್ಕಿಸಿಕೊಳ್ಳುವ ಬಿಬ್ ನಂಬರ್ ಒಂದು ದೊರೆತರೆ ಸಾಕು. ಮನೆಯಾಕೆ ಮಾತ್ರ ಲೆಕ್ಕ ಹಾಕುತ್ತಾಳೆ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲು ಹಳಿಯೇ 16 ಕಿ.ಮೀ. "ಹತ್ತು ಕಿಲೋಮೀಟರು ಅಂದ್ರೆ ಬಂಗಾರಪೇಟೆಗೂ ಸಾಕಾಗಲ್ಲ. ಅಷ್ಟು ಓಡೋಕೆ ಬೆಂಗಳೂರಿಗೆ ಹೋಗ್ಬೇಕಾ ರೀ?"

ಬೇಕು. ಊರಲ್ಲಿ ಓಡಿದರೆ ಬಿಬ್ ಕೊಡುವವರು ಯಾರು?

ಮೊದಲು ಶೂ ಬರುತ್ತದೆ. ಅದರ ಬಣ್ಣ ರಾಬರ್ಟ್‌ಸನ್‌ಪೇಟೆಯ ಕತ್ತಲಲ್ಲೂ ಕಾಣುತ್ತದೆ; ನಾಯಿಗಳಿಗಂತೂ ಚೆನ್ನಾಗಿ ಕಾಣುತ್ತದೆ. ಆ್ಯಪ್‌ನಲ್ಲಿ ದಾಖಲಾದ ಈತನ ಅತಿ ವೇಗದ ಇನ್ನೂರು ಮೀಟರು ಆಂಡರ್‌ಸನ್‌ಪೇಟೆಯ ಒಂದು ಕಂದು ನಾಯಿಯ ಕೃಪೆ. ಸಂಜೆ ಅದರ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಏರುತ್ತದೆ, ನಾಯಿಯ ಪ್ರಸ್ತಾಪವಿಲ್ಲದೆ. ಭಾನುವಾರ ಸೈನೈಡ್ ದಿಬ್ಬದ ಬುಡದಲ್ಲಿ ಸ್ಲೋ ಮೋಷನ್ ವಿಡಿಯೊ. ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡ ಅದು. ಗಾಳಿ ಬೀಸಿದರೆ ಧೂಳು ಮನೆಮನೆಗೆ ಬರುತ್ತದೆಂದು ಊರವರು ಶಪಿಸುವ ಗುಡ್ಡ. ವಿಡಿಯೊದಲ್ಲಿ ಮಾತ್ರ ಸಹಾರಾ. ಸ್ಲೋ ಮೋಷನ್ ಬಟನ್ ಒತ್ತಬೇಕಾದ ಅಗತ್ಯವೇ ಇರಲಿಲ್ಲ ಎನ್ನುತ್ತಾನೆ ವಿಡಿಯೊ ತೆಗೆದ ಮಗ.

ಅಷ್ಟರಲ್ಲಿ ವಂಶಾವಳಿಯೂ ಸಿದ್ಧವಾಗುತ್ತದೆ. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದವರು, ಅರ್ಜುನ ಪ್ರಶಸ್ತಿ ಪಡೆದವರು. "ಈ ಮಣ್ಣಲ್ಲೇ ಇದೆ ಮಚ್ಚಾ ಓಟ" ಎಂದು ರೈಲಿನ ಗೆಳೆಯರಿಗೆ ಈತ ಹೇಳುವ ಧಾಟಿ ನೋಡಿದರೆ, ಪೊವೆಲ್ ಬ್ಯಾಟನ್ ಕೊಟ್ಟದ್ದು ಇವನ ಕೈಗೇ. ಈತನ ತಾತ ಚಾಂಪಿಯನ್ ರೀಫ್ ಗಣಿಯ ಕೆಲಸಗಾರ. 3 ಕಿ.ಮೀ.ಗೂ ಹೆಚ್ಚು ಆಳದ ಗಣಿ ಅದು. ಆತ ಎಷ್ಟು ಇಳಿದ, ಎಷ್ಟು ಹತ್ತಿದ ಎಂದು ಬರೆದಿಡಲು ಆ್ಯಪ್ ಇರಲಿಲ್ಲವಾದ್ದರಿಂದ ಆ ವಿಷಯ ಮಾತಿಗೆ ಬರುವುದಿಲ್ಲ.

ಓಟ ಭಾನುವಾರ ನಸುಕಿಗೆ. ಹಾಗಾಗಿ ಹಿಂದಿನ ಸಂಜೆಯೇ ಕೆ.ಆರ್. ಪುರದ ತಂಗಿ ಮನೆಯಲ್ಲಿ ಬಿಡಾರ. ಹಗುರವಾಗಿ ಊಟ ಮಾಡಿ ಬೇಗ ಮಲಗಬೇಕೆಂದು ಬಲ್ಲವರು ಹೇಳಿರುತ್ತಾರೆ. ತಂಗಿ ಬಿರಿಯಾನಿ ಮಾಡಿರುತ್ತಾಳೆ. "ಅಣ್ಣಾ, ನಾಳೆ ಓಡ್ಬೇಕಲ್ಲ, ಇನ್ನೊಂದು ಪೀಸ್ ಹಾಕಿಸ್ಕೋ." ಹೊಸ ಶೂವಿನಲ್ಲಿ ಮೊದಲ ಓಟ ಓಡಬಾರದು ಎಂಬುದನ್ನೂ ಹೇಳಿರುತ್ತಾರೆ. ಆದರೆ ಹಳೆಯ ಶೂವಿನ ಬಣ್ಣ ಬಿಬ್‌ಗೆ ಹೊಂದುವುದಿಲ್ಲ.

ಹೊಸಬರೆಲ್ಲ ಮಾಡುವುದನ್ನೇ ಈತನೂ ಮಾಡುತ್ತಾನೆ: ಗುಂಪಿನ ಹುರುಪಿಗೆ ಮೊದಲ ಕಿ.ಮೀ.ಯಲ್ಲೇ ಇಡೀ ಶಕ್ತಿ ಖರ್ಚು. ಎರಡನೆಯದರಲ್ಲಿ ಉಸಿರು ಹತ್ತುತ್ತದೆ, ಮೂರನೆಯದರಲ್ಲಿ ಬಿರಿಯಾನಿ ಮಾತಾಡುತ್ತದೆ. ಆರನೆಯದರಲ್ಲಿ ಸೀರೆಯುಟ್ಟು ಕ್ಯಾನ್ವಾಸ್ ಶೂ ಹಾಕಿದ ಅಜ್ಜಿಯೊಬ್ಬರು "ಬನ್ನಿ ಬನ್ನಿ, ನಿಲ್ಲಬೇಡಿ" ಎನ್ನುತ್ತ ದಾಟಿ ಹೋಗುತ್ತಾರೆ. ಅಲ್ಲಿಂದ ಮುಂದೆ ಕುಂಟು ನಡಿಗೆ. ಫೋಟೊಗ್ರಾಫರ್ ಕಂಡಲ್ಲಿ ಮಾತ್ರ ಓಟ. ಮುಗಿಸುತ್ತಾನೆ, ಅದನ್ನು ಒಪ್ಪಬೇಕು. ಹಿಮ್ಮಡಿಯಲ್ಲಿ ರೂಪಾಯಿಯಗಲ ಬೊಬ್ಬೆ, ಕೊರಳಲ್ಲಿ ಮೆಡಲ್.

"ಫಸ್ಟ್ ಬಂದ್ರಾ?" ಎಂದು ಅತ್ತೆ ಫೋನಿನಲ್ಲಿ ಕೇಳುತ್ತಾರೆ. ಮುಗಿಸಿದವರಿಗೆಲ್ಲ ಮೆಡಲ್ ಎಂದು ತಿಳಿದ ಮೇಲೆ ಮಾತು ಹಾಲಿನ ರೇಟಿಗೆ ತಿರುಗುತ್ತದೆ.

ಊರಿಗೆ ಮರಳುವಾಗ ಬಂಗಾರಪೇಟೆಯಲ್ಲಿ ಇಳಿದೇ ಇಳಿಯುತ್ತಾನೆ. ಇಲ್ಲಿಯ ಪಾನಿಪೂರಿಯ ನೀರಿಗೆ ಬಣ್ಣವಿಲ್ಲ. ಕಣ್ಣಿಗೆ ಬರೀ ನೀರು, ನಾಲಿಗೆಗೆ ಮಾತ್ರ ಬೆಂಕಿ. ಗಾಡಿಯ ಹುಡುಗ ಮೆಡಲ್ ನೋಡಿ "ಮ್ಯಾರಥಾನಾ ಸಾರ್?" ಎನ್ನುತ್ತಾನೆ. 42.195 ಕಿ.ಮೀ. ಓಡಿದರೆ ಮಾತ್ರ ಮ್ಯಾರಥಾನ್ ಎಂದು ತಿದ್ದಲು ಈತನಿಗೆ ಮನಸ್ಸು ಬಾರದು.

"ಎಷ್ಟು ಟೈಮ್ ಆಯ್ತು ಸಾರ್?"

"ಗನ್ ಟೈಮಾ, ಚಿಪ್ ಟೈಮಾ? ನೋಡಪ್ಪಾ, ಗನ್ ಹೊಡೆದಾಗ ನಾವಿನ್ನೂ ಹಿಂದೆ ನಿಂತಿರ್ತೀವಿ. ಬಿಬ್ ಹಿಂದೆ ಒಂದು ಚಿಪ್ ಇರುತ್ತೆ. ಗೆರೆ ದಾಟಿದ ಮೇಲೇ ಅದರ ಲೆಕ್ಕ ಶುರು..."

"ಸಾರ್, ಹಿಂದೆ ಲೈನಿದೆ. ಖಾರ ಜಾಸ್ತಿನಾ, ಕಮ್ಮಿನಾ?"